ಆರು ವಿಕಲೆಯ ಹಠ

ಯುಗಾದಿಯ ದಿವಸ ಬೇವುಬೆಲ್ಲವಾದ ಬಳಿಕ ಹೊಸ ಪಂಚಾಂಗವನ್ನು ಓದಿಸಿ ಕೇಳುವ ಪದ್ಧತಿ ನಮ್ಮ ಸಂತೆಮರಹಳ್ಳಿಯ ಸೀಮೆಯಲ್ಲಿ ಇನ್ನೂ ಅಳಿದಿಲ್ಲ. ಈ ವರ್ಷ ಮಳೆ ಎಷ್ಟು ಕೊಳಗ, ರಾಜನಾರು ಮಂತ್ರಿಯಾರು, ತಮ್ಮ ರಾಶಿಗೆ ಆದಾಯವೆಷ್ಟು ವ್ಯಯವೆಷ್ಟು ಎಂದು ವಿಚಾರಿಸುವವರು ಬಹುಮಂದಿ ಇರುತ್ತಾರೆ. ಒಂದು ತಿಥಿ 65 ಗಳಿಗೆಯವರೆಗೆ ನಿಂತು ಮತ್ತೊಂದು 54 ಗಳಿಗೆಗೇ ಮುಗಿದುಹೋಗುವುದೇಕೆಂದು ವಿಚಾರಿಸಿದವರನ್ನು ಮಾತ್ರ ನಾನು ಕಂಡಿಲ್ಲ. ಜೋಯಿಸರಿಗೆ ಅದು ಬಾಯಿಪಾಠ. ‘ಬಾಣವೃದ್ಧಿ, ರಸಕ್ಷಯ’ ಎಂದು ಅವರು ಹೇಳಿಬಿಡುತ್ತಾರೆ: ಬಾಣಗಳು ಐದು, ರಸಗಳು ಆರು, 60 ಗಳಿಗೆಯ ಮೇಲೆ ಐದರಷ್ಟು ಬೆಳೆಯಬಹುದು, ಆರರಷ್ಟು ಸವೆಯಬಹುದು. ಈ ಎಂಟಕ್ಷರದ ಸೂತ್ರದ ಹಿಂದೆ ಇರುವ ಗಣಿತವಾದರೋ ಇಂದು ಪಿ.ಯು.ಸಿ. ತರಗತಿಯಲ್ಲಿ ಹುಡುಗರು ‘ಚೈನ್ ರೂಲ್’ ಎಂದು ಉರುಹಚ್ಚುವ ಸರಪಳಿ ನಿಯಮವೇ ಆಗಿದೆಯೆಂಬುದನ್ನೂ, ಅದು ಈ ನಾಡಿನಲ್ಲಿ ಸಾವಿರ ವರ್ಷಗಳ ಅವಧಿಯಲ್ಲಿ ಹೇಗೆ ಮೊಳೆತು ಯಾವ ಘಟ್ಟದಲ್ಲಿ ಪೂರ್ಣವಾಯಿತೆಂಬುದನ್ನೂ ಹೇಳುವುದು ಈ ಲೇಖನದ ಉದ್ದೇಶ.

ಸೂರ್ಯನಿಂದ ಚಂದ್ರನು 12 ಅಂಶ, ಎಂದರೆ 720 ಕಲೆ, ಮುಂದೆ ಸರಿಯಲು ತಗಲುವ ಕಾಲವೇ ಒಂದು ತಿಥಿ. ಚಂದ್ರನ ಮಧ್ಯಮಗತಿ ದಿನಕ್ಕೆ 790 ಕಲೆ 35 ವಿಕಲೆ. ಸೂರ್ಯನದು 59 ಕಲೆ 8 ವಿಕಲೆ. ಇಬ್ಬರೂ ಸಮಗತಿಯಿಂದ ನಡೆಯುವವರಾಗಿದ್ದರೆ ಎಲ್ಲ ತಿಥಿಗಳೂ ಸುಮಾರು 59 ಗಳಿಗೆಯವಾಗಿ, ಪಂಚಾಂಗ ಬರೆಯುವುದು ಒಬ್ಬ ಶಾನುಭೋಗನ ಕೆಲಸವಾಗುತ್ತಿತ್ತು. ಆದರೆ ಚಂದ್ರನು ತನ್ನ ಮಂದೋಚ್ಚದ, ಎಂದರೆ ಭೂಮಿಯಿಂದ ಅತಿ ದೂರದ ಬಿಂದುವಿನ, ಬಳಿ ದಿನಕ್ಕೆ 722 ಕಲೆಯಷ್ಟು ಮೆಲ್ಲನೆಯೂ, ಅದಕ್ಕೆ ಎದುರಾದ ನೀಚದ ಬಳಿ 859 ಕಲೆಯಷ್ಟು ಬಿರುಸಾಗಿಯೂ ನಡೆಯುವವನು. 720ನ್ನು ಆಯಾ ಕಾಲದ ಗತ್ಯಂತರದಿಂದ ಭಾಗಿಸಿದರೆ ಒಂದು ತುದಿಯಲ್ಲಿ 65 ಗಳಿಗೆಯೂ ಮತ್ತೊಂದು ತುದಿಯಲ್ಲಿ 54 ಗಳಿಗೆಯೂ ದೊರೆಯುತ್ತವೆ. ಬಾಣವೂ ರಸವೂ ಬಂದದ್ದು ಅಲ್ಲಿಂದ. ಹಾಗಾದಮೇಲೆ ಏಕಾದಶಿ ಇಷ್ಟು ಗಳಿಗೆಗೆ ಬಿಟ್ಟಿತೆಂದು ಹೇಳಬೇಕಾದವನಿಗೆ ಚಂದ್ರನು ಎಲ್ಲಿದ್ದಾನೆಂಬುದನ್ನು ತಿಳಿದರೆ ಸಾಲದು, ಆ ಹೊತ್ತಿನಲ್ಲಿ ಎಷ್ಟು ವೇಗದಿಂದ ನಡೆಯುತ್ತಿದ್ದಾನೆಂಬುದೂ ತಿಳಿಯಬೇಕು.

ತೊಡಕು ಇರುವುದು ಇಲ್ಲಿಯೇ. ಚಂದ್ರನ ಸ್ಥಾನ ಕಾಲವನ್ನು ನೇರವಾಗಿ ಅವಲಂಬಿಸಿದುದಲ್ಲ. ಕಾಲ ಸರಿದಂತೆ ಮಂದೋಚ್ಚದಿಂದ ಚಂದ್ರನಿಗಿರುವ ದೂರ, ಎಂದರೆ ‘ಕೇಂದ್ರ’ವೆನಿಸಿದ ಕೋನ, ದಿನಕ್ಕೆ 783 ಕಲೆ 54 ವಿಕಲೆಯಂತೆ ಬೆಳೆಯುತ್ತದೆ, ಕೇಂದ್ರ ಬೆಳೆದಂತೆ ಅದರ ಜ್ಯಾ, ಎಂದರೆ ಈಗಿನ ‘ಸೈನ್’, ಬದಲಾಗುತ್ತದೆ, ಆ ಜ್ಯಾವನ್ನು ಒಂದು ನಿಯತ ಪ್ರಮಾಣದಿಂದ ಕುಗ್ಗಿಸಿದಾಗ ಭುಜಾಫಲ ಬರುತ್ತದೆ, ಆ ಭುಜಾಫಲವನ್ನು ಮತ್ತೆ ಚಾಪಕ್ಕೆ, ಎಂದರೆ ಕೋನಕ್ಕೆ, ತಿರುಗಿಸಿದಾಗ ಮಧ್ಯಮಗ್ರಹಕ್ಕೆ ಕೂಡಬೇಕಾದ ಅಥವಾ ಕಳೆಯಬೇಕಾದ ಮಂದಫಲ ಸಿದ್ಧಿಸುತ್ತದೆ. ಒಂದರೊಳಗೊಂದು ಅಡಗಿದ ಇಂತಹ ಸಂಬಂಧವನ್ನೇ ಈಗಿನ ಗಣಿತಜ್ಞರು ಸಂಯುಕ್ತ ಫಲನವೆನ್ನುವರು. ಅದರ ಬದಲಾವಣೆಯ ದರವನ್ನು ತಿಳಿಯಬೇಕಾದರೆ ಪ್ರತಿಯೊಂದು ಕೊಂಡಿಯ ದರವನ್ನೂ ಬೇರೆಬೇರೆಯಾಗಿ ತಿಳಿದು ಅವುಗಳನ್ನೆಲ್ಲ ಗುಣಿಸಬೇಕು. ಬದನವಾಳಿನ ಖಾದಿ ಕೇಂದ್ರದ ಕಡೆಯವರಿಗೆ ಇದನ್ನು ರಾಟೆಯಿಂದ ಹೇಳಬಹುದು: ದೊಡ್ಡ ಚಕ್ರದ ಒಂದು ಸುತ್ತಿಗೆ ನಡುವಣ ಚಕ್ರ ಐದು ಸುತ್ತು ಸುತ್ತಿ, ನಡುವಣದರ ಒಂದು ಸುತ್ತಿಗೆ ಕದಿರು ಎಂಟು ಸುತ್ತು ಸುತ್ತುವುದಾದರೆ, ದೊಡ್ಡ ಚಕ್ರದ ಒಂದು ಸುತ್ತಿಗೆ ಕದಿರು 40 ಸಲ ಸುತ್ತಲೇಬೇಕು. ರಾಟೆಯಲ್ಲಿ ಈ ಐದೂ ಎಂಟೂ ಎಂದಿಗೂ ಬದಲಾಗುವುದಿಲ್ಲ. ಆಕಾಶದಲ್ಲಿಯಾದರೋ ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಕಷ್ಟವೆಲ್ಲ ಅಷ್ಟರಲ್ಲಿದೆ.

ಮೊದಲ ಸಾಮಗ್ರಿಯನ್ನು ಒದಗಿಸಿದವನು ಆರ್ಯಭಟ. ಕ್ರಿ.ಶ. 499ರ ಕಾಲವನ್ನು ತನ್ನ ಗ್ರಂಥದಲ್ಲಿ ಸೂಚಿಸುವ ಈತನು ತ್ರಿಜ್ಯೆಯನ್ನು 3438 ಕಲೆಯೆಂದಿಟ್ಟು, ವೃತ್ತಪಾದವನ್ನು 24 ಪಾಲು ಮಾಡಿ, ಜ್ಯಾಗಳನ್ನು ಕೊಡುವ ಬದಲು ಒಂದು ಜ್ಯಾಕ್ಕೂ ಮುಂದಿನದಕ್ಕೂ ಇರುವ ಅಂತರಗಳನ್ನೇ ಕೊಟ್ಟನು: 225, 224, 222, 219 ಎಂದು ಮೊದಲಾಗಿ ಇಳಿಯುತ್ತ ಕೊನೆಗೆ 7. ಅಂತರಗಳನ್ನೇ ಕಣ್ಣಮುಂದೆ ಇಟ್ಟುಕೊಂಡು ಎಣಿಸುವ ಈ ಅಭ್ಯಾಸವೇ ಮುಂದಿನವರನ್ನು ವೇಗದ ವಿಚಾರಕ್ಕೆ ಎಳೆದೊಯ್ದಿತೆಂದು ನನ್ನ ಎಣಿಕೆ. ಬ್ರಹ್ಮಗುಪ್ತಾದಿಗಳು ಗತಿಯನ್ನು ತಿದ್ದಲು ಆಯಾ ಸ್ಥಾನದ ಕೋಷ್ಟಕಾಂತರವನ್ನೇ ಬಳಸಿದರು. ಕೋಷ್ಟಕದ ಒಂದು ಮನೆಯಿಂದ ಮುಂದಿನ ಮನೆಗೆ ದಾಟುವಾಗ ಚಂದ್ರನ ವೇಗವೂ ಮೆಟ್ಟಿಲು ಹತ್ತಿದಂತೆ ಥಟ್ಟನೆ ಬದಲಾಗುವುದು ಅದರ ದೋಷ. 932ರ ‘ಲಘುಮಾನಸ’ದಲ್ಲಿ ಮುಂಜಾಲನು ಅಂತರವನ್ನು ಬಿಟ್ಟು, ಅದರ ಸ್ಥಾನದಲ್ಲಿ ಕೋಟಿಜ್ಯೆಯನ್ನು, ಎಂದರೆ ಈಗಿನ ‘ಕೊಸೈನ್’ ಅನ್ನು, ತಂದಿರಿಸಿದನು. ಬಹು ಸಂಕ್ಷಿಪ್ತವಾದ ಗ್ರಂಥವಾದುದರಿಂದ ಹೀಗೇಕೆಂಬುದಕ್ಕೆ ಅವನಲ್ಲಿ ಸಮಾಧಾನ ದೊರೆಯದು.

ಸಮಾಧಾನ ಹೇಳಿದವನು ಎರಡು ಶತಮಾನಗಳ ಅನಂತರದ ಭಾಸ್ಕರಾಚಾರ್ಯ. ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ತಾನು ಹುಟ್ಟಿದುದಾಗಿಯೂ 36ನೆಯ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದುದಾಗಿಯೂ ಅವನೇ ಬರೆದಿಟ್ಟಿರುವನು. ತಂದೆ ಮಹೇಶ್ವರ, ಊರು ಸಹ್ಯಾದ್ರಿಯ ಆಶ್ರಯದಲ್ಲಿದ್ದ ವಿಜ್ಜಡವಿಡ. ಈ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕನ್ನಡಿಗರು ನಂಬಿಕೊಂಡು ಬಂದಿದ್ದಾರೆ. ವಿಜಯಪುರದ ಬಯಲಿಗೂ ಸಹ್ಯಾದ್ರಿಗೂ ಏನು ಸಂಬಂಧವೆಂದು ಕೇಳುವ ಬೇರೆ ವಿದ್ವಾಂಸರು ಮಹಾರಾಷ್ಟ್ರದ ಚಾಳೀಸಗಾಂವದ ಬಳಿಯ ಪಾಟಣದ ಕಡೆ ಬೆರಳು ತೋರಿಸುವರು. ಭಾಸ್ಕರನ ಮೊಮ್ಮಗನಾದ ಚಾಂಗದೇವನು ಅಜ್ಜನ ಗ್ರಂಥಗಳ ಪಾಠಕ್ಕಾಗಿಯೇ ಸ್ಥಾಪಿಸಿದ ಮಠಕ್ಕೆ ದತ್ತಿ ಬಿಟ್ಟುದನ್ನು ಹೇಳುವ 1207ರ ಶಾಸನ ಅಲ್ಲಿ ದೊರೆತಿದೆ. ಮೊಮ್ಮಗನ ಮಠ ಇದ್ದಲ್ಲಿಯೇ ಅಜ್ಜ ಹುಟ್ಟಿರಬೇಕೆಂಬ ನಿಯಮವಿಲ್ಲವಾದರೂ, ಹೆಸರಿನ ಸಾಮ್ಯವೊಂದನ್ನೇ ನೆಚ್ಚಿ ವಾದವನ್ನು ಗೆದ್ದೆವೆಂದು ಹೇಳುವಷ್ಟು ಬಲ ನಮ್ಮ ಪಕ್ಷಕ್ಕೂ ಇಲ್ಲ. ಕಲ್ಯಾಣದ ಚಾಲುಕ್ಯರ ಪ್ರಭಾವಲಯದಲ್ಲಿ ಬೆಳೆದವನೆಂದರೆ ಯಾರೂ ಜಗಳವಾಡಲಾರರು.

ಭಾಸ್ಕರನು ಗತಿಯನ್ನು ಎರಡಾಗಿ ವಿಂಗಡಿಸಿದನು. ಇಂದಿನ ಗ್ರಹಕ್ಕೂ ನಾಳಿನ ಗ್ರಹಕ್ಕೂ ಇರುವ ಅಂತರ ಸ್ಥೂಲಗತಿ. ಆ ಕ್ಷಣದ ಗತಿ ತಾತ್ಕಾಲಿಕ. ಚಂದ್ರನು ಶೀಘ್ರಗಾಮಿಯಾದುದರಿಂದ ಮುಂಜಾನೆಯ ಗತಿ ಸಂಜೆಯವರೆಗೆ ನಿಲ್ಲದೆಂದೂ, ತಿಥ್ಯಂತವು ಸಮೀಪವಾಗಿದ್ದಾಗ ತಾತ್ಕಾಲಿಕ ಗತಿಯನ್ನೇ ಹಿಡಿಯಬೇಕೆಂದೂ ಅವನ ಮತ. ಅದನ್ನು ಸಾಧಿಸುವ ಬಗೆ ತ್ರೈರಾಶಿಕ: ಕೋಟಿಜ್ಯಾ ತ್ರಿಜ್ಯೆಗೆ ಸಮನಾಗಿರುವ ಆದಿಯಲ್ಲಿ ಜ್ಯಾಂತರ 225 ಆಗುವುದಾದರೆ, ಇಷ್ಟವಾದ ಕೋಟಿಜ್ಯೆಗೆ ಎಷ್ಟು? ಓದುಗರು ಪರೀಕ್ಷಿಸಬಹುದು. 60 ಅಂಶದ ಬಳಿ ಕೋಟಿಜ್ಯಾ ತ್ರಿಜ್ಯೆಯ ಅರ್ಧ. ಆದುದರಿಂದ ಜ್ಯಾಂತರ 112½ ಆಗಬೇಕು. ಆರ್ಯಭಟನ ಕೋಷ್ಟಕದಲ್ಲಿ 60 ಅಂಶಕ್ಕೆ ಹಿಂದಿನ ಅಂತರ 119, ಮುಂದಿನದು 106. ಎರಡರ ಸರಾಸರಿ ಸರಿಯಾಗಿ 112½. ಮೆಟ್ಟಿಲುಗಳ ನಡುವೆ ಅಡಗಿದ್ದ ಇಳಿಜಾರನ್ನು ಭಾಸ್ಕರನು ಹೀಗೆ ಕಂಡುಕೊಂಡನು. ಈಗಿನ ಮಾತಿನಲ್ಲಿ ಜ್ಯಾದ ಅವಕಲನ ಕೋಟಿಜ್ಯಾ. ಅದನ್ನು ಕೇಂದ್ರಗತಿಯಿಂದ ಗುಣಿಸಿದರೆ ಕೇಂದ್ರಜ್ಯೆಯ ಗತಿ. ಸರಪಳಿಯ ಎರಡು ಕೊಂಡಿಗಳು ಇಲ್ಲಿ ಸೇರಿಹೋದವು.

ಇದಕ್ಕಿಂತಲೂ ಹೆಚ್ಚಿನ ಸೂಕ್ಷ್ಮವೊಂದು ಅವನ ಕಣ್ಣಿಗೆ ಬಿದ್ದಿತು. ಫಲವು ಪರಮಾವಧಿಯನ್ನು ಮುಟ್ಟಿದಲ್ಲಿ ಗತಿಫಲವು, ಎಂದರೆ ಮಧ್ಯಮಗತಿಗೆ ಮಾಡಬೇಕಾದ ತಿದ್ದುಪಡಿಯು, ಶೂನ್ಯವಾಗಿ ಸ್ಪಷ್ಟಗತಿ ಮಧ್ಯಮಗತಿಯೇ ಆಗುವುದೆಂದು ಅವನು ಸಾರಿ, ಗ್ರಹಚಲನೆಗೆ ಕಲ್ಪಿಸಿಕೊಂಡ ಎರಡು ವೃತ್ತಗಳು ಕೂಡುವ ಬಿಂದುವಿನಲ್ಲಿ ಹಾಗಾಗುವುದೆಂದ ಪೂರ್ವಾಚಾರ್ಯ ಲಲ್ಲನನ್ನು ಹೆಸರು ಹಿಡಿದೇ ಖಂಡಿಸಿದನು. ಆದರೆ ಮಂದಫಲದ ಕೊನೆಯ ಕೊಂಡಿಯನ್ನು, ಎಂದರೆ ಭುಜಾಫಲದಿಂದ ಚಾಪಕ್ಕೆ ಹೋಗುವಾಗ ಆಗುವ ದರದ ಬದಲಾವಣೆಯನ್ನು, ಅವನು ಬಿಟ್ಟುಬಿಟ್ಟನು. ಫಲ ಚಿಕ್ಕದು, ಚಿಕ್ಕ ಚಾಪಕ್ಕೂ ಅದರ ಜ್ಯೆಗೂ ಭೇದವೆಣಿಸುವುದೇಕೆಂಬುದು ವ್ಯವಹಾರಜ್ಞನ ನ್ಯಾಯ. ಫಲ ದೊಡ್ಡದಾಗಿರುವ, ಕುಜಾದಿ ಗ್ರಹಗಳ ಎರಡನೆಯ ತಿದ್ದುಪಡಿಯಾದ ಶೀಘ್ರಸಂಸ್ಕಾರದಲ್ಲಿ ಅದೇ ಭಾಸ್ಕರನು ಹಾಗೆ ಬಿಡದೆ, ಫಲದ ಕೋಟಿಜ್ಯೆಯನ್ನೂ ಕರ್ಣವನ್ನೂ ಹಿಡಿದು ಯಥಾರ್ಥವಾದ ಗತಿಯನ್ನೇ ಹೇಳಿರುವುದನ್ನು ನೋಡಿದರೆ, ಬಿಟ್ಟದ್ದು ಅರಿಯದೆಯಲ್ಲ, ಬೇಡವೆಂದೇ ಎಂದು ತೋರುತ್ತದೆ.

ಅವನ ಗ್ರಂಥಗಳು ದೇಶವನ್ನೆಲ್ಲ ಆವರಿಸಿದವು. ಕನ್ನಡದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದುದೂ ಹನ್ನೆರಡನೆಯ ಶತಮಾನದಲ್ಲಿಯೇ. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ವಿದ್ದಣಾಚಾರ್ಯನ ‘ವಾರ್ಷಿಕತಂತ್ರ’ಕ್ಕೆ ‘ಗಣಿತಗನ್ನಡಿ’ ಎಂಬ ಕನ್ನಡ ವ್ಯಾಖ್ಯಾನವನ್ನು ಬರೆದರು. ಆದರೆ ಬಿಟ್ಟುಹೋದ ಕೊಂಡಿಯನ್ನು ಬೆಸೆಯುವ ಕೆಲಸ ಕನ್ನಡನಾಡಿನಲ್ಲಿ ನಡೆಯಲಿಲ್ಲ. ಘಟ್ಟದ ಕೆಳಗೆ ನಡೆಯಿತು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಗೂಡಲೂರಿಗೆ ಹೋಗಿ, ನಾಡುಕಾಣಿಯ ಘಟ್ಟವಿಳಿದು ನೀಲಂಬೂರಿನ ಮೇಲೆ ಸಾಗಿದರೆ ತಿರೂರಿನ ಬಯಲು ಸಿಗುತ್ತದೆ. ಅಲ್ಲಿಯದೇ ತೃಕ್ಕಂಡಿಯೂರು. ಸಂತೆಮರಹಳ್ಳಿಯಿಂದ ನೇರ ರೇಖೆಯಲ್ಲಿ ಅಳೆದರೆ ಸುಮಾರು 170 ಕಿಲೋಮೀಟರು. ಬೆಂಗಳೂರು ನಮಗೆ ದೂರವಲ್ಲವೆನ್ನುವವರು ಇದನ್ನೂ ದೂರವೆನ್ನಲಾರರು. ನಿಳಾ ನದಿಯ ಆ ಸೀಮೆಯಲ್ಲಿ ಹದಿನಾಲ್ಕನೆಯ ಶತಮಾನದ ಮಾಧವನಿಂದ ತೊಡಗಿ ಸುಮಾರು ಮುನ್ನೂರು ವರ್ಷ ಗುರುಶಿಷ್ಯರ ಸಾಲೊಂದು ತುಂಡಾಗದೆ ನಡೆದುಬಂದಿತು. ಮಾಧವನ ಶಿಷ್ಯ ವಟಶ್ಶೇರಿ ಪರಮೇಶ್ವರನು 55 ವರ್ಷಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ, ಗಣಿತಕ್ಕೂ ದೃಷ್ಟಿಗೂ ಬಂದಿದ್ದ ಅಂತರವನ್ನು ತಿದ್ದಿ, 1431ರಲ್ಲಿ ‘ದೃಗ್ಗಣಿತ’ವನ್ನು ರಚಿಸಿದನು. ಅವನ ಮಗ ದಾಮೋದರ. ದಾಮೋದರನ ಶಿಷ್ಯನೇ 1444ರಲ್ಲಿ ಹುಟ್ಟಿದ ಕೇಳಲ್ಲೂರು ನೀಲಕಂಠ ಸೋಮಯಾಜಿ.

ನೀಲಕಂಠನು ಸುಮಾರು 1500ರಲ್ಲಿ ಮುಗಿಸಿದ ‘ತಂತ್ರಸಂಗ್ರಹ’ದ ಎರಡನೆಯ ಅಧ್ಯಾಯದಲ್ಲಿ ಚಂದ್ರನ ಗತಿಫಲಕ್ಕೆ ಒಂದು ವಿಧಿಯಿದೆ. ಅದರ ತಾತ್ಪರ್ಯವಿಷ್ಟು: ಕೋಟಿಫಲವನ್ನು, ಎಂದರೆ ಅದೇ ನಿಯತ ಪ್ರಮಾಣದಿಂದ ಕುಗ್ಗಿಸಿದ ಕೋಟಿಜ್ಯೆಯನ್ನು, ಕೇಂದ್ರಗತಿಯಿಂದ ಗುಣಿಸು, ತ್ರಿಜ್ಯೆಯ ವರ್ಗದಿಂದ ಭುಜಾಫಲದ ವರ್ಗವನ್ನು ಕಳೆದು ಉಳಿದುದರ ಮೂಲವನ್ನು ತೆಗೆ, ಆ ಮೂಲದಿಂದ ಗುಣಲಬ್ಧವನ್ನು ಭಾಗಿಸು. ಕೋಟಿಫಲವನ್ನು ಕೇಂದ್ರಗತಿಯಿಂದ ಗುಣಿಸುವುದು ಭಾಸ್ಕರನಿಂದ ಬಂದ ಆಸ್ತಿ. ಭಾಜಕವಾಗಿ ಬಂದ ಆ ವರ್ಗಮೂಲವೇ ಹೊಸದು, ಅದೇ ಬಿಟ್ಟುಹೋಗಿದ್ದ ಕೊಂಡಿ: ಚಾಪವು ತನ್ನ ಜ್ಯೆಗಿಂತ ಎಷ್ಟು ಬೇಗ ಬೆಳೆಯುವುದೆಂಬುದರ ಯಥಾರ್ಥ ಪ್ರಮಾಣ. ಸಂಯುಕ್ತ ಫಲನವೊಂದರ ಅವಕಲನ ಇಲ್ಲಿ ಮೊದಲಿಂದ ಕಡೆಯವರೆಗೆ ಒಂದು ಕೊಂಡಿಯೂ ಕಳಚದೆ ಪದ್ಯದೊಳಗೆ ಕುಳಿತಿದೆ. ಇಂದಿನ ವಿದ್ಯಾರ್ಥಿ ವಿಲೋಮ ಜ್ಯಾ ಫಲನಕ್ಕೆ ಸರಪಳಿ ನಿಯಮವನ್ನು ಪ್ರಯೋಗಿಸಿದರೆ ಉತ್ತರ ಅಕ್ಷರಶಃ ಇದೇ ಬರುತ್ತದೆ.

ಈ ಕೊಂಡಿಯ ಬೆಲೆಯೆಷ್ಟೆಂದು ಲೆಕ್ಕಹಾಕಿ ನೋಡುವುದು ಒಳ್ಳೆಯದು. ನೀಲಕಂಠನು ಚಂದ್ರನಿಗೆ ಇಟ್ಟ ಪ್ರಮಾಣ ಎಂಬತ್ತರಲ್ಲಿ ಏಳು. ಕೇಂದ್ರ 60 ಅಂಶವೆಂದಿಟ್ಟುಕೊಂಡರೆ ಹಳೆಯ ರೀತಿಯಲ್ಲಿ ಗತಿಫಲ 34 ಕಲೆ 18 ವಿಕಲೆ. ನೀಲಕಂಠನ ರೀತಿಯಲ್ಲಿ 34 ಕಲೆ 24 ವಿಕಲೆ. ಭೇದ ಆರು ವಿಕಲೆ. ಕೇಂದ್ರವನ್ನು ಎಲ್ಲಿಗೆ ಸರಿಸಿದರೂ ಇದಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ದುರ್ಬೀನಿಲ್ಲದ ಬರಿಗಣ್ಣು ಬಿಡಿಸಿ ನೋಡಬಲ್ಲದ್ದು ಹೆಚ್ಚೆಂದರೆ ಒಂದು ಕಲೆ, ಎಂದರೆ 60 ವಿಕಲೆ. ತಿಥಿಯ ಅವಧಿಯಲ್ಲಿ ಇದರಿಂದ ಆಗುವ ವ್ಯತ್ಯಾಸ ಅರ್ಧ ವಿಗಳಿಗೆ. ಏಕಾದಶಿಯ ಪಾರಣೆಗೆ ಕುಳಿತ ಯಾವ ವೈದಿಕನೂ ಅರ್ಧ ವಿಗಳಿಗೆಗಾಗಿ ಎಲೆಯ ಮುಂದಿನಿಂದ ಎದ್ದವನಲ್ಲ. ಕಣ್ಣಿಗೆ ಕಾಣದ, ಧರ್ಮಕ್ಕೆ ಬೇಕಿಲ್ಲದ ಆರು ವಿಕಲೆಗಾಗಿ ಪ್ರತಿ ಸಲವೂ ವರ್ಗಮೂಲ ತೆಗೆಯುವ ಶ್ರಮವನ್ನು ಮೇಲೆ ಹಾಕಿಕೊಂಡವನ ಮನಸ್ಸು ಎಂತಹುದು? ಆವಶ್ಯಕತೆಯೇ ಶಾಸ್ತ್ರದ ತಾಯಿಯೆಂದು ಹೇಳುವ ವಾಡಿಕೆಯುಂಟು. ಭಾಸ್ಕರನವರೆಗೆ ಅದು ನಿಜ. ಕೊನೆಯ ಹೆಜ್ಜೆಯನ್ನು ಇಡಿಸಿದುದು ಆವಶ್ಯಕತೆಯಲ್ಲ, ಚಾಪವನ್ನು ಜ್ಯಾ ಎಂದು ಕರೆಯಲೊಲ್ಲದ ಹಠ. ಮಾಧವನ ಕಾಲದಿಂದ ಚಾಪಕ್ಕೂ ಜ್ಯೆಗೂ ಇರುವ ಭೇದವನ್ನು ಅನಂತಶ್ರೇಢಿಗಳಿಂದ ಅಳೆಯುತ್ತ ಬಂದಿದ್ದ ಪರಂಪರೆಗೆ ಆ ಭೇದವನ್ನು ಇಲ್ಲವೆನ್ನುವುದು ಅಸಹ್ಯವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಇದೇ ತೃಕ್ಕಂಡಿಯೂರಿನ ಅಚ್ಯುತ ಪಿಷಾರಟಿ, ‘ನಾರಾಯಣೀಯ’ದ ಕವಿ ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳ ಗುರು, ಭಾಜಕವೂ ಕಾಲದೊಡನೆ ಬದಲಾಗುವ ಪಕ್ಷದಲ್ಲಿ ಗತಿಯನ್ನು ಸಾಧಿಸುವ ಬಗೆಯನ್ನು ‘ಸ್ಫುಟನಿರ್ಣಯ’ದಲ್ಲಿ ಹೇಳಿದನು. 1621ರಲ್ಲಿ ಅವನು ತೀರಿಕೊಂಡ ಮೇಲೆ ಈ ಎಳೆ ಹಿಗ್ಗಲಿಲ್ಲ. ತಾಳೆಗರಿಗಳು ಪ್ರತಿಯಾಗುತ್ತಿದ್ದವು, ಪಂಚಾಂಗಗಳು ಹೊರಡುತ್ತಿದ್ದವು, ಅಷ್ಟೇ.

ಯೂರೋಪಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಲೈಬ್ನಿಟ್ಸನು 1676ರ ಒಂದು ಬರೆಹದಲ್ಲಿ ವರ್ಗಮೂಲದೊಳಗೆ ಅಡಗಿದ ಬಹುಪದಿಯನ್ನು ಅವಕಲಿಸುವಾಗ ಈ ಯುಕ್ತಿಯನ್ನು ಬಳಸಿರುವನು; ಆ ಲೆಕ್ಕದಲ್ಲಿ ಕೂಡು-ಕಳೆ ಚಿಹ್ನೆಯ ತಪ್ಪೊಂದು ಉಳಿದುಬಿಟ್ಟಿರುವುದು ಮಹಾಪುರುಷರನ್ನು ನಮಗೆ ಹತ್ತಿರವಾಗಿಸುವ ಸಂಗತಿ. 1684ರಲ್ಲಿ ಅವನ ಕಲನಶಾಸ್ತ್ರ ಅಚ್ಚಾಯಿತು. 1696ರಲ್ಲಿ ಲೋಪಿತಾಲನ ಪಠ್ಯ ಬಂದಿತು. ಅಲ್ಲೆಲ್ಲ ನಿಯಮ ಬಳಕೆಯಲ್ಲಿದೆ, ನಿಯಮವಾಗಿ ನುಡಿದಿಲ್ಲ. ಕಾರಣ ಲೈಬ್ನಿಟ್ಸನ ಸಂಕೇತ. ಭಿನ್ನರಾಶಿಯಂತೆ ತೋರುವ ಆ ಬರೆಹದಲ್ಲಿ ಒಂದರ ಛೇದವೂ ಮತ್ತೊಂದರ ಅಂಶವೂ ತಾವಾಗಿಯೇ ಹೊಡೆದುಹೋಗುವುದರಿಂದ ಸಾಧಿಸಬೇಕಾದುದು ಏನಾದರೂ ಇದೆಯೆಂದೇ ಯಾರಿಗೂ ತೋರಲಿಲ್ಲ. ಲಗ್ರಾಂಜ್ 1797ರಲ್ಲಿ ಅದನ್ನು ಬೇರೆ ಸಿದ್ಧಾಂತವಾಗಿ ನಿಲ್ಲಿಸಿದನು, ಕೋಶಿ 1820ರ ದಶಕದಲ್ಲಿ ಸೀಮೆಯ ಭಾಷೆಗೆ ತಂದನು. ಆಮೇಲೆ ಕಂಡಿತು ಬಿರುಕು. ನಡುವಣ ಪರಿಮಾಣದ ಬದಲಾವಣೆ ಶೂನ್ಯವಾದರೆ ಶೂನ್ಯದಿಂದ ಭಾಗಿಸಿ ಹೊಡೆದುಹಾಕಿದಂತಾಗುತ್ತದೆ. ಮೂಲಬಿಂದುವಿನ ಬಳಿ ಎಣಿಸಲಾರದಷ್ಟು ಸಲ ಶೂನ್ಯವನ್ನು ದಾಟುತ್ತ ನಡುಗುವ ಫಲನಗಳೂ ಉಂಟು. ಈ ದೋಷವುಳ್ಳ ಸಾಧನೆ ಇಪ್ಪತ್ತನೆಯ ಶತಮಾನದ ಆರಂಭದ ಪಠ್ಯಗಳವರೆಗೂ ಹಾಯಾಗಿ ನಡೆದುಬಂದಿತು. ನೀಲಕಂಠನ ಚಂದ್ರನು ಅಂತಹ ಚೇಷ್ಟೆ ಮಾಡುವವನಲ್ಲವಾದುದರಿಂದ ಅವನಿಗೆ ಈ ಭಯವಿರಲಿಲ್ಲ. ಹಾಗೆಯೇ, ಯಾವ ಫಲನಕ್ಕಾದರೂ ಸಲ್ಲುವ ಒಂದು ನಿಯಮವುಂಟೆಂಬ ಸಾಮಾನ್ಯ ದೃಷ್ಟಿಯೂ ಅವನದಲ್ಲ. ಅದು ಯೂರೋಪಿನ ಗಳಿಕೆಯೆಂದು ಒಪ್ಪಿಕೊಳ್ಳುವುದರಿಂದ ನಮ್ಮ ಮಾನವೇನೂ ಹೋಗದು.

ಎರಡು ಕಥೆಗಳು ಸಂಧಿಸಿದ್ದು ಜಗಳದಲ್ಲಿ. ಮಲಬಾರಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಚಾರ್ಲ್ಸ್ ವಿಷ್ ಕೇರಳದ ಶ್ರೇಢಿಗಳನ್ನು ಕುರಿತು ಬರೆದ ಪ್ರಬಂಧ ಅವನ ಮರಣಾನಂತರ, 1830ರ ದಶಕದಲ್ಲಿ, ಲಂಡನ್ನಿನಲ್ಲಿ ಪ್ರಕಟವಾಗಿ, ಬಹುಕಾಲ ಯಾರ ಲಕ್ಷ್ಯಕ್ಕೂ ಬರಲಿಲ್ಲ. 1858ರಲ್ಲಿ ಕಾಶಿಯ ಬಾಪುದೇವ ಶಾಸ್ತ್ರಿಗಳು ಭಾಸ್ಕರನಿಗೆ ಅವಕಲನ ತಿಳಿದಿತ್ತೆಂದು ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಾದಿಸಿದರು. ಇಂಗ್ಲೆಂಡಿನ ಗಣಿತಜ್ಞ ಸ್ಪಾಟಿಸ್‌ವುಡ್, ಸಾಮ್ಯವನ್ನು ಒಪ್ಪಿ, ಅತ್ಯಲ್ಪ ಪರಿಮಾಣಗಳ ಸ್ಪಷ್ಟ ವಿಚಾರ ಅಲ್ಲಿಲ್ಲವೆಂದು ಹೆಸರನ್ನು ನಿರಾಕರಿಸಿದನು. ಹೆಸರಿನ ಈ ವ್ಯಾಜ್ಯ ಇನ್ನೂ ಮುಗಿದಿಲ್ಲ. ಪಾದ್ರಿಗಳ ಮೂಲಕ ಕೇರಳದ ವಿದ್ಯೆ ಯೂರೋಪಿಗೆ ಹೋಯಿತೆಂದು ಹೇಳುವವರೂ ಇದ್ದಾರೆ; ಹೋಗಿದ್ದಿರಬಹುದಾದ ದಾರಿಯನ್ನು ಅವರು ತೋರಿಸುವರು, ಹೋದ ಕಾಗದವನ್ನು ಇದುವರೆಗೆ ಯಾರೂ ತೋರಿಸಿಲ್ಲ.

ಮೈಸೂರು ಸಂಸ್ಥಾನದಲ್ಲಿ ಆಮೇಲೆ ನಡೆದುದು ವಿಚಿತ್ರವಾದ ವಿದ್ಯಮಾನ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳಲ್ಲಿ ಕಲನಶಾಸ್ತ್ರ ಇಂಗ್ಲಿಷ್ ಪುಸ್ತಕಗಳ ಮೂಲಕ ಬಂದಿತು, 1916ರಲ್ಲಿ ವಿಶ್ವವಿದ್ಯಾನಿಲಯವಾಯಿತು, 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಈ ವಿದ್ಯೆಗಳಿಗೆ ಕನ್ನಡದ ನಾಲಗೆ ಕೊಡಲು ಹೊರಟರು. ಅಣ್ಣ ಮನೆಯಲ್ಲಿ ಕುಳಿತು ಪಂಚಾಂಗಕ್ಕಾಗಿ ಕೋಟಿಫಲವನ್ನು ಕೇಂದ್ರಗತಿಯಿಂದ ಗುಣಿಸುತ್ತಿರುವಾಗ, ತಮ್ಮ ಮೈಸೂರಿನ ಕಾಲೇಜಿನಲ್ಲಿ ಅದೇ ಗುಣಾಕಾರವನ್ನು ‘ಡಿ ವೈ ಬೈ ಡಿ ಯು’ ಎಂದು ಬಾಯಿಪಾಠ ಮಾಡಿಕೊಂಡು ರಜಕ್ಕೆ ಊರಿಗೆ ಬರುವಂತಹ ಮನೆತನಗಳು ಇರಲಿಲ್ಲವೇ? ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುವರು. ಒಬ್ಬನಿಗೆ ಕಾರಣ ಗೊತ್ತಿಲ್ಲ, ಮತ್ತೊಬ್ಬನಿಗೆ ಕಾರ್ಯ ಗೊತ್ತಿಲ್ಲ. ಸೂತ್ರವನ್ನು ಉಪಪತ್ತಿಯಿಂದ ಕತ್ತರಿಸಿ ಕೊಟ್ಟುದು ನಮ್ಮ ಪರಂಪರೆಯ ಕೊನೆಗಾಲದ ತಪ್ಪು. ಉಪಪತ್ತಿಯನ್ನು ಆಕಾಶದಿಂದ ಕತ್ತರಿಸಿ ಕೊಟ್ಟುದು ಹೊಸ ಶಾಲೆಯ ತಪ್ಪು.

‘ತಂತ್ರಸಂಗ್ರಹ’ ತಿರುವನಂತಪುರದಲ್ಲಿ ಅಚ್ಚಾದದ್ದು 1958ರಲ್ಲಿ. ಗತಿಫಲದ ಆ ವಿಧಿಯನ್ನು ಓದಿದವರು ಸಹಜವಾಗಿಯೇ ಅದನ್ನು ನೀಲಕಂಠನ ಲೆಕ್ಕಕ್ಕೆ ಬರೆದರು. ಆದರೆ ಅವನ ಮತ್ತೊಂದು ಕೃತಿಯಾದ ‘ಜ್ಯೋತಿರ್ಮೀಮಾಂಸೆ’ಯನ್ನು ಕೆ. ವಿ. ಶರ್ಮರು ಸಂಪಾದಿಸಿ 1977ರಲ್ಲಿ ಪಂಜಾಬಿನ ಹೋಶಿಯಾರ್‌ಪುರದಿಂದ ಹೊರತಂದಾಗ, ನೀಲಕಂಠನೇ ಅದನ್ನು ತನ್ನದೆನ್ನದೆ ಗುರು ದಾಮೋದರನದೆಂದು ಹೇಳಿರುವುದು ಎಲ್ಲರಿಗೂ ಓದಲು ದೊರೆಯಿತು. ದಾಮೋದರನು ಬರೆದುದೆನ್ನಬಹುದಾದ ಗ್ರಂಥ ಒಂದೂ ಉಳಿದುಬಂದಿಲ್ಲ. ಶಿಷ್ಯನು ಹೇಳಿದಷ್ಟೇ ಅವನ ಚರಿತ್ರೆ.